ಹಕ್ಕಿಯನ್ನು ಅಕ್ಕಿ ಎಂದ ಹುಡುಗಿ

ಗೆಳೆಯರೇ, ನಾನು ಮಂಡ್ಯದ ಮಾತಿನ ಥೆರಪಿ ಕೇಂದ್ರವೊಂದರಲ್ಲಿ ಸಹಾಯಕಿ. ಉಚ್ಚಾರಣೆ ಸರಿಯಿಲ್ಲವೆಂದು ಶಾಲೆಯವರು ಹೇಳಿದ್ದಕ್ಕೆ ಇವತ್ತು ಹಲಗೂರಿನ ಅಜ್ಜಿಯೊಬ್ಬರು ಮೊಮ್ಮಗಳನ್ನು ಕರೆತಂದಿದ್ದರು. ನಾನು ಹಕ್ಕಿಯ ಚಿತ್ರ ತೋರಿಸಿದೆ.

"ಅಕ್ಕಿ" ಎಂದಳು ಹುಡುಗಿ.

ಈ ಊರಿಗೆ ಹೊಸಬರಾದ ನಮ್ಮ ಥೆರಪಿಸ್ಟ್ ಮೇಡಂ 'ತಪ್ಪು' ಎಂದು ಬರೆದುಕೊಂಡರು. "ವಾರಕ್ಕೊಂದು ಸಲದಂತೆ ಆರು ತಿಂಗಳು ಬರಬೇಕಾಗುತ್ತೆ" ಎಂದರು.

ಅಜ್ಜಿ ರೇಗಿದರು. "ಅಕ್ಕಿನ ಅಕ್ಕಿ ಅನ್ನದೆ ಇನ್ನೇನ್ ರಾಗಿ ಅಂದಾಳಾ?"

"ಹಾಗಾದ್ರೆ ಅನ್ನ ಮಾಡೋದಕ್ಕೆ ಏನಂತೀರಿ?" ಎಂದು ಮೇಡಂ ಕೇಳಿದರು.

"ಅದೂ ಅಕ್ಕಿನೇ ಕಣಮ್ಮ. ರೆಕ್ಕೆ ಇದ್ರೆ ಆರ್ತದೆ, ಇಲ್ದಿದ್ರೆ ಬೇಯ್ತದೆ. ಮಗೀಗೇ ಗೊತ್ತು, ನಿಮ್ಗೆ ಗೊತ್ತಾಗಲ್ವಾ?"

ಮೇಡಂ ತಾವು ಬರೆದಿದ್ದ 'ತಪ್ಪು' ಹೊಡೆದುಹಾಕಿದರು. ಅವರಿಬ್ಬರೂ ಹೋದ ಮೇಲೆ ನನ್ನನ್ನು ಅನುಮಾನದಿಂದ ನೋಡಿ, "ನೀವೂ ಮನೇಲಿ ಹೀಗೇ ಮಾತಾಡ್ತೀರಾ?" ಎಂದರು.

"ಹೌದು ಮೇಡಂ. ಡ್ಯೂಟಿ ಟೈಮಲ್ಲಿ ಮಾತ್ರ 'ಹ' ಹಾಕ್ಕೋತೀನಿ."