ಒಂಟಿ ಬೆಕ್ಕಿನ ಬಟ್ಟಲು

ಇಲಿಗಳು ಜೋಳದ ಚೀಲ ಕಡಿದಿದ್ದರಿಂದ ನನಗೊಂದು ಬೆಕ್ಕು ಬೇಕಾಗಿತ್ತು. ಒಂದೇ. ಹರಪನಹಳ್ಳಿಯಿಂದ ಹಡಗಲಿಯ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳಿಗೆ ತನ್ನದೊಂದು ಹೊಟ್ಟೆಗೆ ಬೇಯಿಸುವುದೇ ಸಾಕುಸಾಕಾಗಿರುತ್ತದೆ.

ತೆಲಿಗಿಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಎರಡು ಬೆಕ್ಕಿನ ಮರಿಗಳಿದ್ದವು. ಆ ಮನೆಯ ಅಜ್ಜಿ ಎರಡನ್ನೂ ಬುಟ್ಟಿಗೆ ಹಾಕಿದಳು.

"ಒಂದ ಸಾಕು," ಎಂದೆ.

"ಹಗಲೊತ್ತು ಮನ್ಯಾಗ ಯಾರ ಇರ್ತಾರ?"

"ಯಾರೂ ಇಲ್ಲವ್ವಾ. ಇರಾಕಿ ನಾನೊಬ್ಬಾಕಿ."

"ಹಂಗಾರ ಎರಡೂ ಒಯ್ರಿ. ನಾವು ಕುರಿಮರೀನೂ ಯಾರಿಗೂ ಒಂದ ಕೊಡಂಗಿಲ್ಲ. ಒಂಟಿ ಮರಿ ಮೇವು ಮುಟ್ಟಂಗಿಲ್ರಿ."

ಬೆಕ್ಕೇನು ಕುರಿಯೇ ಎಂದು ಸಿಡುಕಿ, ಒಂದನ್ನೇ ತಂದೆ.

ಬೆಳಿಗ್ಗೆ ಇಟ್ಟುಹೋದ ಹಾಲನ್ನ ಸಂಜೆ ಬಂದಾಗಲೂ ಬಟ್ಟಲಲ್ಲಿ ಹಾಗೇ ಒಣಗಿರುತ್ತಿತ್ತು. ಕಾಲು ಸೋತು ಬಂದವಳು ಅದರ ಪಕ್ಕ ನೆಲದ ಮೇಲೆ ಕೂರಬೇಕು, ಆಗಷ್ಟೇ ತಿನ್ನುತ್ತಿತ್ತು. ಬೈಯುತ್ತಲೇ ನಾನೂ ಅಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆ. ಎರಡು ವಾರಕ್ಕೆ ಸೊಂಟ ಹಿಡಿಯಿತು. ಭಾನುವಾರ ಮತ್ತೆ ತೆಲಿಗಿಯ ಬಸ್ಸು ಹತ್ತಿದೆ. ಅಜ್ಜಿ ಇನ್ನೊಂದು ಮರಿಯನ್ನು ಯಾರಿಗೂ ಕೊಟ್ಟಿರಲಿಲ್ಲ.

"ಬರ್ತೀರಂತ ಗೊತ್ತಿತ್ತು ಬಿಡ್ರಿ," ಎಂದಳು.

ಈಗ ನಾನು ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿರುತ್ತವೆ, ನಾನು ಬಂದೆನೆಂದು ಕಣ್ಣೂ ತೆರೆಯುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ಹಾಯಾಗಿ ಕುರ್ಚಿಯ ಮೇಲೆ ಕೂತು ತಟ್ಟೆ ಮುಂದಿಟ್ಟುಕೊಳ್ಳುತ್ತೇನೆ. ರೊಟ್ಟಿ ಆರುತ್ತದೆ. ಕೈ ಹೋಗುವುದಿಲ್ಲ.