ಶಾಫ್ಟ್ ನೇತಾಡಿದ ದಿನ

1961ರ ಬೇಸಿಗೆ. ನಾನಾಗ ಭದ್ರಾವತಿಯ ಒಂದು ಮಷಿನ್ ಶಾಪಿನಲ್ಲಿ ಫೋರ್‌ಮನ್. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತರೆ ಸಾರು ಬಡಿಸುವ ಮೊದಲೇ ಮಜ್ಜಿಗೆ ಎಲ್ಲಿ ಎಂದು ಕೇಳುವವನು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಹೆಂಡತಿ ರತ್ನ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. ಅಂಥ ನಾನು ಊರವರ ಬಾಯಿಗೂ ಮಾವನ ಬಾಯಿಗೂ ಬಿದ್ದು, ಒಂದಿಡೀ ದಿನ ಕೈಕಟ್ಟಿ ನಿಂತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ವಾರ ಶಿವಮೊಗ್ಗದಲ್ಲಿ ರತ್ನಳ ತಂಗಿಯ ಮದುವೆ. ಗುರುವಾರ ಮುಹೂರ್ತ, ಬುಧವಾರ ಸಂಜೆಗೆ ಬೀಗರು ಬಂದಿಳಿಯುತ್ತಾರೆ. ಮಾವ ಅಡಿಕೆ ಮಂಡಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಮಾತು ಜೋರು, ಮರ್ಯಾದೆಯ ಚಿಂತೆ ಅದಕ್ಕಿಂತ ಜೋರು. ಸರಿಯಾಗಿ ಅದರ ಹಿಂದಿನ ಶನಿವಾರವೇ ಶಿವಮೊಗ್ಗದ ಹೊಳೆದಡದ ಪಂಪ್‌ಹೌಸಿನಲ್ಲಿ ಶಾಫ್ಟ್ ಮುರಿದು, ಮಾವನ ಬೀದಿಯೂ ಸೇರಿ ಊರಿನ ಅರ್ಧ ಭಾಗದ ನಲ್ಲಿಗಳು ಒಣಗಿದವು.

ಶಾಫ್ಟ್ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಹೊಳೆ ಏರಿದರೂ ಮುಳುಗಬಾರದೆಂದು ಮೋಟಾರನ್ನು ಎತ್ತರದಲ್ಲಿ ಕೂರಿಸಿರುತ್ತಾರೆ. ಪಂಪು ಮಾತ್ರ ಕೆಳಗೆ ನೀರಿನಲ್ಲಿ. ಮೋಟಾರು ತಿರುಗಿದ್ದನ್ನು ಪಂಪಿಗೆ ಮುಟ್ಟಿಸುವ ಉಕ್ಕಿನ ಸರಳೇ ಶಾಫ್ಟ್. ಇದು ಹದಿನಾಲ್ಕು ಅಡಿ ಉದ್ದ, ಎರಡೂವರೆ ಅಂಗುಲ ದಪ್ಪ. ಕೊಂಚ ಸೊಟ್ಟಗಿದ್ದರೂ ಬೇರಿಂಗುಗಳನ್ನು ತಿಂದುಹಾಕಿ ತಾನೂ ಮುರಿಯುತ್ತದೆ. ಹೊಸದನ್ನು ಕಂಪನಿಯಿಂದ ತರಿಸಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ನೀರಿನ ಇಂಜಿನಿಯರ್ ರಾಯರು ಮುರಿದ ಎರಡು ತುಂಡುಗಳನ್ನು ಲಾರಿಯಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ಬಂದರು.

"ಫೋರ್‌ಮನ್ರೇ, ನಂಗೆ ರಸ್ತೇಲಿ ತಲೆ ಎತ್ತಿ ಓಡಾಡಕ್ಕಾಗ್ತಿಲ್ಲ. ಕೊಡ ಹಿಡ್ಕೊಂಡು ಹೆಂಗಸರು ಮನೆ ಬಾಗಿಲಿಗೇ ಬರ್ತಾರೆ" ಎಂದರು. ಕಣ್ಣು ಕೆಂಪಾಗಿತ್ತು. ಪಾಪ, ಅವರದ್ದೇನೂ ತಪ್ಪಿರಲಿಲ್ಲ.

ನಮ್ಮ ಉಗ್ರಾಣದಲ್ಲಿ ಮೂರು ಅಂಗುಲದ ಉಕ್ಕಿನ ಸರಳೊಂದು ಸಿಕ್ಕಿತು. ಸೊಟ್ಟಗಿತ್ತು, ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಿದೆವು. ಇನ್ನು ಅದನ್ನು ಲೇತಿನಲ್ಲಿ, ಅಂದರೆ ಸರಳನ್ನು ತಿರುಗಿಸುತ್ತಾ ಕೆತ್ತುವ ಯಂತ್ರದಲ್ಲಿ ಕಟ್ಟಿ ಎರಡೂವರೆ ಅಂಗುಲಕ್ಕೆ ಇಳಿಸಬೇಕು. ಉದ್ದನೆಯ ತೆಳು ಸರಳಿನ ಕಾಟವೇ ಇಲ್ಲಿರುವುದು. ಕೆತ್ತುವ ಟೂಲ್ ಒಂದು ಕಡೆಯಿಂದ ಒತ್ತಿದರೆ ಸರಳು ಇನ್ನೊಂದು ಕಡೆಗೆ ಜಾರಿ ನಡುಗುತ್ತದೆ. ಅದಕ್ಕೇ ಎಲ್ಲರೂ ತೆಳ್ಳಗೆ, ಹತ್ತಾರು ಸಲ ಕೆತ್ತುತ್ತಾರೆ. ಹಾಗೆ ಹೋದರೆ ಒರಟು ಕೆಲಸಕ್ಕೇ ಎರಡು ದಿನ.

ಎರಡು ದಿನ! ನನಗೆ ಮೈಯೆಲ್ಲ ಇರುವೆ ಬಿಟ್ಟ ಹಾಗಾಯಿತು. ಲೇತಿನ ಸುತ್ತ ಸುತ್ತಿ, ಕೊನೆಗೆ ಅದನ್ನು ಓಡಿಸುವ ಟರ್ನರ್ ಮುನುಸ್ವಾಮಿಯನ್ನು ಕರೆದು, "ಮುಂದೊಂದು ಟೂಲು, ಹಿಂದೊಂದು ಟೂಲು, ಎದುರುಬದುರು ಕಟ್ಟೋಣ" ಎಂದೆ. ಒಂದು ಒತ್ತುವುದನ್ನು ಇನ್ನೊಂದು ತಡೆಯುತ್ತದೆ. ಸರಳು ಜಾರಲು ಜಾಗವೇ ಇರುವುದಿಲ್ಲ, ಒಂದೇ ಓಟಕ್ಕೆ ಎರಡರಷ್ಟು ಉಕ್ಕು ಇಳಿಯುತ್ತದೆ. ಮುನುಸ್ವಾಮಿ ಶಾಪಿನಲ್ಲೇ ಒಳ್ಳೆಯ ಕೈ, ಅದನ್ನು ದಿನಕ್ಕೆ ನಾಲ್ಕು ಸಲ ತಾನೇ ಹೇಳಿಕೊಳ್ಳುವವನು.

"ಎರಡು ಟೂಲ್ ಏನು ಸಾರ್, ನಾಲ್ಕು ಕಟ್ಟಿ. ಓಡಿಸೋದು ಮುನುಸ್ವಾಮಿ ಅಲ್ವಾ?" ಎಂದ.

ಇನ್ನೊಂದು ಎಚ್ಚರವೂ ಬೇಕಿತ್ತು. ಕೆತ್ತುವಾಗ ಉಕ್ಕು ಬಿಸಿಯಾಗಿ ಉದ್ದವಾಗುತ್ತದೆ. ಎರಡೂ ತುದಿ ಬಿಗಿಯಾಗಿದ್ದರೆ ನಡು ಉಬ್ಬುತ್ತದೆ. ಹಾಗಾಗಿ ಒಂದು ತುದಿಯ ಹಿಡಿತವನ್ನು ಆಗಾಗ ಸಡಿಲಿಸುತ್ತಾ, ನೀರು ಬೆರೆಸಿದ ಎಣ್ಣೆ ಸುರಿಯುತ್ತಾ ಸೋಮವಾರ ಬೆಳಿಗ್ಗೆ ಶುರು ಮಾಡಿದೆವು. ಸಂಜೆಯ ಸೈರನ್ ಕೂಗುವಷ್ಟರಲ್ಲಿ ಒರಟು ಕೆಲಸ ಮುಗಿದೇ ಹೋಯಿತು! ಅಳತೆಗಿಂತ ಅಂಗುಲದ ಎಂಟನೇ ಒಂದು ಭಾಗ ಮಾತ್ರ ದಪ್ಪ ಉಳಿಸಿದ್ದೆವು. ರಾಯರು ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು.

"ಹಾಗಾದ್ರೆ ನಾಳೆ ಫಿನಿಶ್ ಮಾಡಿ ಕೊಟ್ಬಿಡ್ತೀರಿ. ಬುಧವಾರ ಮಧ್ಯಾಹ್ನಕ್ಕೆ ಊರಿಗೆ ನೀರು!"

"ನಾಳೆ ಇಲ್ಲ. ನಾಳೆ ಅದು ನೇತಾಡ್ಬೇಕು" ಎಂದೆ.

ನಾನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಒತ್ತಿ ನೇರ ಮಾಡಿದ ಉಕ್ಕಿನೊಳಗೆ ಒಂದು ಬಿಗಿತ ಉಳಿದಿರುತ್ತದೆ. ಮೇಲಿನ ಪದರ ತೆಗೆದರೆ ಆ ಬಿಗಿತ ಸಡಿಲಾಗಿ ಸರಳು ತನ್ನ ಹಳೆಯ ಸೊಟ್ಟಕ್ಕೆ ತಿರುಗುತ್ತದೆ. ಕೆಲವೊಮ್ಮೆ ಕೂಡಲೇ, ಕೆಲವೊಮ್ಮೆ ನಿಧಾನವಾಗಿ. ಅದು ಬಾಗುವುದಿದ್ದರೆ ನಮ್ಮಲ್ಲೇ ಬಾಗಲಿ, ಹೊಳೆಯೊಳಗೆ ಬೇಡ. ಮಲಗಿಸಿದರೆ ಅಷ್ಟುದ್ದದ ಸರಳು ತನ್ನ ಭಾರಕ್ಕೇ ಜಗ್ಗುತ್ತದೆ ಎಂದು ಛಾವಣಿಯ ತೊಲೆಗೆ ಸರಪಳಿ ಬಿಗಿದು ನೆಟ್ಟಗೆ ತೂಗುಹಾಕಿಸಿದೆ.

ಮಂಗಳವಾರ ಇದ್ದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಶಾಫ್ಟಿನ ಹತ್ತಿರ ಹೋಗುವುದು, ಮುಟ್ಟುವುದು, ಬರುವುದು. ಕ್ಯಾಂಟೀನಿಗೆ ಹೋಗುವುದು, ಚಹಾ ಅರ್ಧಕ್ಕೇ ಬಿಟ್ಟು ಮತ್ತೆ ಬರುವುದು. ಕಸ ಗುಡಿಸುವವನಿಗೂ ಕಾರಣವಿಲ್ಲದೆ ಬೈದೆ. ಒಳಗೊಳಗೇ ಒಂದು ಹೆದರಿಕೆ: ಇದು ಬಾಗದೇ ಇದ್ದರೆ? ಸುಮ್ಮನೆ ಒಂದು ದಿನ ಊರನ್ನು ಒಣಗಿಸಿದ ಮುಠ್ಠಾಳ ಎನ್ನಿಸಿಕೊಳ್ಳುತ್ತೇನೆ. ತಾನು ಮಾಡಿದ ಮಾಲು ಸೊಟ್ಟಗಾಗಲಿ ಎಂದು ದೇವರಿಗೆ ಕೈಮುಗಿದ ಫೋರ್‌ಮನ್ ನಾನೊಬ್ಬನೇ ಇರಬೇಕು.

ಮಧ್ಯಾಹ್ನ ಗೇಟಿನಲ್ಲಿ ಯಾರೋ ಕರೆಯುತ್ತಿದ್ದಾರೆ ಎಂದರು. ನೋಡಿದರೆ ಮಾವ! ಬಸ್ಸು ಹತ್ತಿ ಬಂದುಬಿಟ್ಟಿದ್ದರು. ಒಳಗೆ ಕರೆತಂದೆ. ತೂಗುತ್ತಿದ್ದ ಶಾಫ್ಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಏನ್ರೀ ಅಳಿಯಂದ್ರೇ ಇದು? ಬಾಳೆಗೊನೆ ಹಣ್ಣಿಗಿಟ್ಟ ಹಾಗೆ ನೇತು ಹಾಕಿದ್ದೀರಲ್ಲ!"

ವಿವರಿಸಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ನಿಮ್ಮ ಇಂಗ್ಲಿಷ್ ವಿದ್ಯೆ ನಂಗೆ ಬೇಡ. ನಾಳೆ ಸಂಜೆ ಬೀಗರು ಬಂದಿಳಿದಾಗ ಕಾಲಿಗೆ ನೀರು ಕೊಡಕ್ಕಾಗ್ದಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ? ಮನೆ ಅಳಿಯನ ಕೈಲೇ ನೀರಿದೆ, ಅವನೇ ಬಿಡ್ತಿಲ್ಲ ಅಂತ ಊರೆಲ್ಲ ಆಡ್ಕೊಳ್ತಿದೆ!"

"ಮಾವ, ನಾಳೆ ನೀರು ಬಿಟ್ಟು ಮದುವೆ ದಿನ ನಿಂತು ಹೋದ್ರೆ?"

"ಹಾಗಿದ್ರೆ ಮದುವೆಗೆ ನೀವೂ ಬರ್ಬೇಡಿ" ಎಂದು ಹೇಳಿ ಹೊರಟೇಬಿಟ್ಟರು. ಚಹಾ ಕೂಡ ಮುಟ್ಟಲಿಲ್ಲ. ರತ್ನ ಆಗಲೇ ತವರಿನಲ್ಲಿದ್ದಳು. ಅಲ್ಲಿ ಅವಳು ಏನೇನು ಕೇಳಬೇಕಾಯಿತೋ ಎಂದು ಸಂಕಟ. ಸರಪಳಿ ಬಿಚ್ಚಿಸಿಬಿಡೋಣ ಎಂದು ತೊಲೆಯ ಕೆಳಗೆ ಹೋಗಿಯೂ ನಿಂತೆ. ಬಿಚ್ಚಿಸಲಿಲ್ಲ.

ಬುಧವಾರ ಬೆಳಿಗ್ಗೆ ಶಾಫ್ಟನ್ನು ಮತ್ತೆ ಲೇತಿಗೆ ಕಟ್ಟಿ, ನಡುವಿಗೆ ಡಯಲ್ ಗೇಜ್ ಇಟ್ಟೆವು. ಅಂಗುಲದ ಸಾವಿರದಲ್ಲೊಂದು ಭಾಗವನ್ನೂ ತೋರಿಸುವ ಮುಳ್ಳಿನ ಗಡಿಯಾರ ಅದು. ರಾಯರು ಪಕ್ಕದಲ್ಲೇ ಇದ್ದರು. ಮುನುಸ್ವಾಮಿ ಕೈಯಿಂದ ಶಾಫ್ಟ್ ತಿರುಗಿಸಿದ. ಸೋಮವಾರ ಅಲುಗದೆ ನಿಂತಿದ್ದ ಮುಳ್ಳು ಈಗ ನಲವತ್ತು ಭಾಗ ಅತ್ತ ಹೋಗಿ ಇತ್ತ ಬಂತು. ಶಾಫ್ಟ್ ಬಾಗಿತ್ತು. ರಾಯರು ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ನಿನ್ನೆ ಒಯ್ದಿದ್ರೆ ನನ್ನ ಕಥೆ ಮುಗೀತಿತ್ತು ಮಾರಾಯ್ರೇ" ಎಂದರು.

ಉಳಿಸಿಟ್ಟಿದ್ದ ದಪ್ಪದಲ್ಲೇ ಆ ಸೊಟ್ಟವನ್ನು ಕೆತ್ತಿ, ಅಳತೆಗೆ ತಂದು, ಸಂಜೆ ಲಾರಿಗೆ ಏರಿಸಿದೆವು. ನಾನೂ ಅದರ ಜೊತೆಯಲ್ಲೇ ಹೋದೆ. ಮಾವನ ಬೀದಿಯ ತಿರುವಿನಲ್ಲಿ ಲಾರಿ ಹಾಯುವಾಗ ವಾಲಗದ ಸದ್ದು ಕೇಳಿಸಿತು, ಬೀಗರು ಬಂದಿಳಿದಿದ್ದರು. ನಾನು ಇಳಿಯಲಿಲ್ಲ. ಪಂಪ್‌ಹೌಸಿನಲ್ಲಿ ಜೋಡಣೆ ಮುಗಿದು ಮೋಟಾರು ತಿರುಗಿದಾಗ ಗುರುವಾರ ಬೆಳಗಾಗಿತ್ತು. ಶಾಫ್ಟ್ ಒಂದಿಷ್ಟೂ ನಡುಗಲಿಲ್ಲ.

ಬರಬೇಡಿ ಎಂದಿದ್ದರೂ ಕಾಲು ಮದುವೆ ಮನೆಗೇ ಎಳೆಯಿತು. ಧಾರೆ ಆಗಷ್ಟೇ ಮುಗಿದಿತ್ತು. ಅಂಗಿಯೆಲ್ಲ ಗ್ರೀಸು, ಕಾಲು ಮೊಣಕಾಲಿನವರೆಗೆ ಹೊಳೆಯ ಕೆಸರು. ಚಪ್ಪರದ ಆಚೆಗೇ ನಿಂತೆ. ಹಿಂದಿನ ಸಂಜೆ ಗಾಡಿಯ ಪೀಪಾಯಿಯಿಂದ ಬೀಗರಿಗೆ ತಲಾ ಅರ್ಧ ಚೊಂಬಿನಂತೆ ನೀರು ಕೊಟ್ಟರಂತೆ, ಬೀಗರ ಕಡೆಯ ಅಜ್ಜಿಯೊಬ್ಬರು "ಇದು ಕಾಲಿಗೋ, ತೀರ್ಥಕ್ಕೋ?" ಎಂದು ಕೇಳಿಯೇಬಿಟ್ಟರಂತೆ. ರತ್ನ ಬಂದು ಇದನ್ನು ಹೇಳುತ್ತಿರುವಾಗಲೇ ಅಂಗಳದ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧೋ ಎಂದು ಸುರಿಯಿತು. ಹೆಂಗಸರು ಕೊಡ ಹಿಡಿದು ಓಡಿ ಬಂದರು.

ಎಲ್ಲರನ್ನೂ ಸರಿಸಿಕೊಂಡು ಮಾವ ಮೊದಲ ಚೊಂಬು ತುಂಬಿಸಿಕೊಂಡರು. ಹೊಸ ಬೀಗರಿಗಿರಬೇಕು ಎಂದು ನಾನು ಪಕ್ಕಕ್ಕೆ ಸರಿದೆ. ಅವರು ನೇರವಾಗಿ ನನ್ನ ಮುಂದೆ ಬಂದು ನಿಂತರು.

"ಕಾಲು ಮುಂದೆ ಮಾಡಿ ಅಳಿಯಂದ್ರೇ" ಎಂದು ಚೊಂಬಿನ ಅಷ್ಟೂ ನೀರನ್ನು ನನ್ನ ಕಾಲಿಗೆ ಸುರಿದರು. ಮತ್ತೊಂದು ಚೊಂಬು ತಂದು ಅದನ್ನೂ ಸುರಿದರು.

ಆ ಶಾಫ್ಟ್ ನಾನು ನಿವೃತ್ತನಾಗುವವರೆಗೂ ತಿರುಗಿತು. ಆಮೇಲೆ ಎಷ್ಟೋ ಉದ್ದನೆಯ ಕೆಲಸಗಳನ್ನು ಮಾಡಿಸಿದೆ. ಬೇಗ ಮುಗಿಸುವ ದಾರಿ ಹುಡುಕುವುದನ್ನು ಬಿಡಲಿಲ್ಲ, ಹುಡುಕಲೇಬೇಕು. ಆದರೆ ಹಾಗೆ ಉಳಿದ ಹೊತ್ತು ನನ್ನದಲ್ಲ, ಕೆಲಸ ತಂದವರದ್ದೂ ಅಲ್ಲ, ಮೊದಲು ಆ ಕೆಲಸದ್ದು ಎಂದು ಕಲಿತೆ. ಊಟಕ್ಕೆ ಕೂತರೆ ಮಾತ್ರ ಇವತ್ತಿಗೂ ಸಾರಿಗೆ ಮೊದಲೇ ಮಜ್ಜಿಗೆ ಕೇಳುತ್ತೇನೆ. ರತ್ನ ಈಗ ಗಾದೆ ಹೇಳುವುದಿಲ್ಲ. "ಸ್ವಲ್ಪ ನೇತಾಡಿ" ಎನ್ನುತ್ತಾಳೆ.