ಟೈರಿನ ಗಾಳಿ ಇಳಿಸಿದ ತಾತ

ಹೋದ ವರ್ಷ ಯುಗಾದಿ ಕಳೆದ ವಾರಕ್ಕೆ ನಾನು ಮತ್ತು ನನ್ನ ಹೆಂಡತಿ ಜಯಮ್ಮ ಹನೂರಿನಿಂದ ರಾಜಸ್ಥಾನದ ಮರಳುಗಾಡಿಗೆ ನಮ್ಮ ಜೀಪಿನಲ್ಲಿ ಹೋದೆವು. ಬಿಸಿಲು ಏರುವ ಕಾಲದಲ್ಲಿ ಯಾರಾದರೂ ಅಲ್ಲಿಗೆ ಹೋಗುತ್ತಾರಾ ಎಂದು ನೀವು ಕೇಳಬಹುದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ ಎರಡೂ ಮುಗಿಯುವ ತನಕ ನಮ್ಮಂಥ ಜೀಪಿನವರಿಗೆ ಬಿಡುವಿರುವುದಿಲ್ಲ. ಬಿಡುವಾದಾಗ ಹೊರಟೆವು, ಅಷ್ಟೆ.

ನಾನು ಓದಿರುವುದು ಐದನೇ ಕ್ಲಾಸು. ಆಮೇಲೆ ಜೀಪಿನ ಹಿಂದೆ ನೇತಾಡುವ ಕ್ಲೀನರ್ ಆದೆ, ಮುಂದೆ ಸ್ವಂತ ಜೀಪು ಮಾಡಿದೆ, ಈಗ ಹನೂರಿನಲ್ಲಿ ಒಂದು ಸಣ್ಣ ಗ್ಯಾರೇಜೂ ಇದೆ. ಬೆಟ್ಟದ ಆಚೆಯ ಕಾಡಿನ ಊರುಗಳಿಗೆ ಬಸ್ಸಿಲ್ಲ. ಕಲ್ಲು, ಕೊರಕಲು, ಹಳ್ಳ ದಾಟಿಕೊಂಡು ಹೋಗಬೇಕು. ರೇಷನ್ ಅಕ್ಕಿ, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು, ಎಲ್ಲವನ್ನೂ ಎಲ್ಲರನ್ನೂ ಸಾಗಿಸಿದ್ದೇನೆ. ಒಂದು ಸಲವೂ ಯಾರನ್ನೂ ನಡುದಾರಿಯಲ್ಲಿ ಇಳಿಸಿದವನಲ್ಲ. ಪಟ್ಟಣದಿಂದ ದೊಡ್ಡ ಗಾಡಿ ತಂದು ಕಲ್ಲಿನ ಮೇಲೆ ಸಿಕ್ಕಿಹಾಕಿಕೊಂಡವರನ್ನು ಹಗ್ಗ ಕಟ್ಟಿ ಎಳೆದುಹಾಕಿ, "ಗಾಡಿ ತಕಂಬುಟ್ರೆ ಆಯ್ತದಾ ಸಾ, ಓಡ್ಸಕ್ ಬರ್ಬೇಕು" ಎಂದು ಮುಖದ ಮೇಲೇ ಹೇಳಿದ್ದೇನೆ.

ಈ ಪ್ರವಾಸದ ಆಸೆ ಹತ್ತಿಸಿದವನು ಕೊಳ್ಳೇಗಾಲದ ರಾಜಣ್ಣ. ರೇಷ್ಮೆ ಸೀರೆಯ ವ್ಯಾಪಾರಿ, ನನಗಿಂತ ಐದಾರು ವರ್ಷ ದೊಡ್ಡವನು, ಗಾಡಿಯ ಹುಚ್ಚು. ಅವನ ಜೀಪಿನ ರಿಪೇರಿಯೆಲ್ಲ ನನ್ನದೇ. "ಬೆಟ್ಟ ಬೇಕಾದಷ್ಟು ಹತ್ತಿದ್ದೀಯ ಕಣ್ಲಾ ಮಾದೇವ, ಒಂದ್ಸಲ ಮರಳಲ್ಲಿ ಓಡ್ಸಿ ನೋಡು" ಎಂದು ವರ್ಷದಿಂದ ಹಿಂದೆ ಬಿದ್ದಿದ್ದ. ಅವನು ತನ್ನ ಹೆಂಡತಿಯ ಜೊತೆ ಒಂದು ಗಾಡಿ, ನಾನೊಬ್ಬನೇ ಇನ್ನೊಂದು ಗಾಡಿ ಎಂದು ಮಾತಾಯಿತು. ಮನೆಯಲ್ಲಿ ಹೇಳಿದಾಗ ಜಯಮ್ಮ ರಾಗಿ ಕೇರುತ್ತಿದ್ದಳು. ತಲೆ ಎತ್ತದೆ, "ನಾನೂ ಬತ್ತೀನಿ" ಅಂದಳು.

"ಅಲ್ಲೇನದೆ ಅಂತ ಬತ್ತೀಯಮ್ಮಿ? ಬರೀ ಮರಳು."

"ಮರಳು ನೋಡಕ್ಕಲ್ಲ. ಊರ್ನೋರ್ನೆಲ್ಲ ಕೂರುಸ್ಕಂಡು ತಿರುಗುದ್ರಿ. ನನ್ನ ಒಂದಿನಾನಾರ ಮುಂದ್ಗಡ ಸೀಟಲ್ಲಿ ಕೂರ್ಸಿದ್ರಾ?"

ಅವಳು ಹೇಳಿದ್ದು ನಿಜ. ಬಾಡಿಗೆ ಜೀಪಿನಲ್ಲಿ ಮುಂದಿನ ಸೀಟು ಮೇಷ್ಟ್ರಿಗೆ, ವಯಸ್ಸಾದವರಿಗೆ, ಬಸುರಿಯರಿಗೆ. ಮದುವೆಯಾದಾಗಿನಿಂದ ಜಯಮ್ಮ ಹಿಂದೆ ಮೂಟೆಗಳ ನಡುವೆಯೇ ಕೂತು ಬಂದಿದ್ದಳು.

ಐದು ದಿನದ ದಾರಿ. ಮುಂದೆ ಕೂತವಳು ನಿದ್ದೆಯನ್ನೇ ಮಾಡಲಿಲ್ಲ. ಮನೆಯಿಂದ ರಾಗಿ ಹಿಟ್ಟು ತಂದಿದ್ದಳು. ರಸ್ತೆ ಪಕ್ಕ ಸ್ಟವ್ ಹಚ್ಚಿ ಮುದ್ದೆ ತಿರುವಿದರೆ ಲಾರಿಯವರು ನಿಂತು ನೋಡುತ್ತಿದ್ದರು. ಎದುರಿಗೆ ಬಂದ ಗಾಡಿಗೆ ನಾನು ದಾರಿ ಬಿಟ್ಟಾಗಲೆಲ್ಲ, "ನೀವು ಚೆಂದಾಗ್ ಓಡುಸ್ತೀರ ಕಣ್ರಿ, ಹಿಂದ್ಗಡೆಯಿಂದ ನಂಗೆ ಇದೆಲ್ಲ ಕಾಣ್ತಾನೇ ಇರ್ಲಿಲ್ಲ" ಅನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಯಾರು ಹೊಗಳಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಮುಂದೆ ಆದದ್ದಕ್ಕೆ ಆ ಸಂತೋಷವೂ ಒಂದು ಕಾರಣ.

ಜೈಸಲ್ಮೇರ್ ದಾಟಿ ಇನ್ನೂ ಎಷ್ಟೋ ದೂರ ಹೋದ ಮೇಲೆ ಡಾಂಬರು ಮುಗಿಯಿತು. ಅಲ್ಲಿನ ಟೀ ಅಂಗಡಿಯವನು ಹೇಳಿದಂತೆ ರಾಜಣ್ಣ ತನ್ನ ಟೈರುಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿದ.

"ಲೇ, ನೀನೂ ಇಳ್ಸ್ಲಾ."

"ಗಾಳಿ ಇಳ್ಸುದ್ರೆ ಟೈರ್ ಸೀಳೋಯ್ತದೆ ಕಣಣ್ಣ. ನಾನ್ ಓಡ್ಸಿರೋ ದಾರಿಯ ನೀ ಕನಸಲ್ಲೂ ಕಂಡಿಲ್ಲ."

ನಮ್ಮ ಬೆಟ್ಟದ ದಾರಿಯಲ್ಲಿ ಅದು ಸರಿಯಾದ ಮಾತು. ಚೂಪು ಕಲ್ಲಿಗೆ ಮೆತ್ತನೆ ಟೈರು ಸಿಕ್ಕಿದರೆ ಪಕ್ಕ ಹರಿದುಹೋಗುತ್ತದೆ. ಕ್ಲೀನರ್ ಆಗಿದ್ದಾಗ ಮೊದಲು ಕಲಿತದ್ದೇ ದಿನಾ ಬೆಳಿಗ್ಗೆ ಟೈರನ್ನು ಒದ್ದು ನೋಡುವುದು. ರಾಜಣ್ಣ ಒತ್ತಾಯ ಮಾಡಲಿಲ್ಲ. "ಆಗ್ಲಿ, ನನ್ ಚಕ್ರದ ಗುರ್ತು ಹಿಡ್ಕಂಡೇ ಬಾ, ಆ ಕಡೆ ಈ ಕಡೆ ಓಗ್ಬ್ಯಾಡ" ಎಂದು ಮುಂದೆ ಹೋದ.

ಸ್ವಲ್ಪ ದೂರ ಹಾಗೇ ಹೋದೆ. ಎಡಗಡೆ ಒಂದು ಎತ್ತರದ ಮರಳಿನ ದಿಬ್ಬ ಕಂಡಿತು. "ಮೇಲಿಂದ ತೋರುಸ್ತೀನಿ ಬಾ" ಎಂದು ಜಯಮ್ಮನಿಗೆ ಹೇಳಿ ತಿರುಗಿಸಿದೆ. ತೋರಿಸಬೇಕಾಗಿದ್ದದ್ದು ಮರಳನ್ನಲ್ಲ, ನನ್ನನ್ನು. ಅರ್ಧ ದಿಬ್ಬಕ್ಕೆ ಜೀಪು ಕೂತಿತು. ನಮ್ಮಲ್ಲಿ ಮಾಡುವ ಹಾಗೆ ಮೊದಲನೇ ಗೇರಿಗೆ ಹಾಕಿ ಎಕ್ಸಿಲೇಟರ್ ತುಳಿದೆ. ತುಳಿದಷ್ಟೂ ಚಕ್ರ ಇಳಿಯಿತು, ಆಕ್ಸಲ್ ಮರಳಿಗೆ ತಾಗಿತು. ಚಕ್ರದ ಕೆಳಗೆ ಕೊಡೋಣವೆಂದರೆ ಒಂದು ಕಲ್ಲಿಲ್ಲ, ಒಂದು ಕೊಂಬೆಯಿಲ್ಲ. ಜಮಖಾನ ಹಾಕಿದೆ. ಚಕ್ರ ಅದನ್ನು ಅಗಿದು ಹಿಂದಕ್ಕೆ ಉಗುಳಿತು. ರಾಜಣ್ಣನ ಗಾಡಿ ಆಗಲೇ ಕಣ್ಮರೆಯಾಗಿತ್ತು, ಫೋನಿಗೆ ಸಿಗ್ನಲ್ ಇಲ್ಲ. ನೀರಿನ ದೊಡ್ಡ ಕ್ಯಾನು ರಾಜಣ್ಣನ ಗಾಡಿಯಲ್ಲಿ. ನಮ್ಮ ಹತ್ತಿರ ಇದ್ದದ್ದು ಅರ್ಧ ಬಾಟಲಿ.

ಮಧ್ಯಾಹ್ನ ಎರಡು ದಾಟಿತು. ಜಯಮ್ಮನಿಗೆ ಬಿಪಿ ಇದೆ. ಜೀಪಿನ ನೆರಳಿನಲ್ಲಿ ಕೂತಿದ್ದವಳ ತುಟಿ ಬೆಳ್ಳಗಾಗಿತ್ತು. "ತಲೆ ಸುತ್ತದೆ ಕಣ್ರಿ" ಅಂದವಳು ಆಮೇಲೆ ಮಾತು ನಿಲ್ಲಿಸಿದಳು. ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ನಾನು ಕೈಯಲ್ಲೇ ಮರಳು ಬಗೆಯುತ್ತಿದ್ದೆ. ತೆಗೆದಷ್ಟೂ ಜಾರಿ ಬಂದು ತುಂಬಿಕೊಳ್ಳುತ್ತಿತ್ತು. ಇವಳಿಗೆ ಏನಾದರೂ ಆದರೆ ಎಂಬ ಯೋಚನೆ ಬಂದು ಇನ್ನೂ ಜೋರಾಗಿ ಬಗೆದೆ. ಹೆರಿಗೆಯ ಹೆಂಗಸರನ್ನು ಕತ್ತಲೆ ಕಾಡಿನಲ್ಲಿ ದಾಟಿಸಿದವನು, ನನ್ನ ಹೆಂಡತಿಯನ್ನು ಹಾಡಹಗಲು ತಂದು ಇಲ್ಲಿ ಕೂರಿಸಿದ್ದೆ.

ಆಗ ದಿಬ್ಬದ ಹಿಂದಿನಿಂದ ಎರಡು ಒಂಟೆ ಹೊಡೆದುಕೊಂಡು ಒಬ್ಬ ತಾತ ಬಂದ. ಎಪ್ಪತ್ತು ದಾಟಿರಬೇಕು. ಕಡ್ಡಿಯಂಥ ಮೈ, ತಲೆಗೆ ದೊಡ್ಡ ಪೇಟ. ಏನೂ ಮಾತಾಡದೆ ಜೀಪನ್ನು ಒಂದು ಸುತ್ತು ಹಾಕಿ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಮುಂದಿನ ಚಕ್ರ ಬಗೆಯುತ್ತಿದ್ದ ನನಗೆ ಸುಯ್ ಎಂಬ ಸದ್ದು ಕೇಳಿತು. ಎದ್ದು ನೋಡಿದರೆ ಆತ ವಾಲ್ವಿನ ಮುಚ್ಚಳ ಬಿಚ್ಚಿ, ಒಂದು ಮುಳ್ಳಿನಿಂದ ಒಳಗಿನ ಪಿನ್ನು ಒತ್ತಿ ಗಾಳಿ ಬಿಡುತ್ತಿದ್ದಾನೆ.

ಇದ್ದ ಒಂದು ಗಾಡಿಯನ್ನೂ ಹಾಳು ಮಾಡುತ್ತಿದ್ದಾನೆ ಅನ್ನಿಸಿತು. ಓಡಿ ಹೋಗಿ ಎದೆಗೆ ಕೈಯಿಟ್ಟು ತಳ್ಳಿದೆ. ತಾತ ಅಂಗಾತ ಬಿದ್ದ. ಪೇಟ ಬಿಚ್ಚಿಕೊಂಡು ಉರುಳಿತು. ಮರಳಾದ್ದರಿಂದ ಪೆಟ್ಟಾಗಲಿಲ್ಲ.

"ಅಯ್ಯೋ, ಏನ್ ಮಾಡ್ಬುಟ್ರಿ" ಎಂದು ಜಯಮ್ಮ ಎದ್ದಳು. ಅವಳಿಗೇ ನಿಲ್ಲಲು ತ್ರಾಣವಿಲ್ಲ, ಜೀಪು ಹಿಡಿದುಕೊಂಡು ಬಂದು ತಾತನಿಗೆ ಕೈ ಕೊಟ್ಟಳು. ಉಳಿದಿದ್ದ ಎರಡು ಗುಟುಕಿನ ಬಾಟಲಿಯನ್ನು ಅವನ ಮುಂದೆ ಹಿಡಿದಳು.

ತಾತ ಬಾಟಲಿ ನೋಡಿದ, ಅವಳ ಮುಖ ನೋಡಿದ. ಒಂಟೆಯ ಹತ್ತಿರ ಹೋಗಿ ಒದ್ದೆ ಗೋಣಿ ಸುತ್ತಿದ ಒಂದು ಕ್ಯಾನು ತಂದ. ಅವಳನ್ನು ನೆರಳಿಗೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದ, ಅವಳು ಗಟಗಟ ಕುಡಿಯಲು ಹೋದಾಗಲೆಲ್ಲ ಕ್ಯಾನು ಹಿಂದಕ್ಕೆಳೆದುಕೊಂಡ. ತನ್ನ ಪೇಟದ ಬಟ್ಟೆಯನ್ನೇ ನೆನೆಸಿ ಅವಳ ನೆತ್ತಿಗೆ ಹಾಕಿದ. ಅವಳ ಮುಖಕ್ಕೆ ಕಳೆ ಬಂದ ಮೇಲೆ ನನ್ನ ಕಡೆ ತಿರುಗಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ತಾತ ನನ್ನ ಕೈ ಹಿಡಿದು ಕೂರಿಸಿದ. ತನ್ನ ಕೈಯನ್ನು ಮುಷ್ಟಿ ಮಾಡಿ ಮರಳಿಗೆ ಒತ್ತಿದ. ಮಣಿಕಟ್ಟಿನವರೆಗೆ ಇಳಿಯಿತು. ಮತ್ತೆ ಕೈ ಬಿಚ್ಚಿ ಅಂಗೈಯನ್ನು ಅಗಲ ಮಾಡಿ ಒತ್ತಿದ. ಕೈ ಮೇಲೆಯೇ ನಿಂತಿತು. ಆಮೇಲೆ ಒಂಟೆಯ ಪಾದ ತೋರಿಸಿದ. ಅದು ಹೆಜ್ಜೆ ಊರಿದಾಗ ಪಾದ ತಟ್ಟೆಯ ಹಾಗೆ ಅಗಲವಾಗುತ್ತಿತ್ತು. ಐದನೇ ಕ್ಲಾಸಿನ ಮೇಷ್ಟ್ರು ಬಿಟ್ಟರೆ ನನಗೆ ಅಷ್ಟು ಸಮಾಧಾನದಿಂದ ಪಾಠ ಹೇಳಿದವರು ಯಾರೂ ಇಲ್ಲ.

ನಾಲ್ಕೂ ಚಕ್ರಗಳ ಗಾಳಿಯನ್ನು ಅವನೇ ಇಳಿಸಿದ. ಇಬ್ಬರೂ ಸೇರಿ ಚಕ್ರದ ಸುತ್ತ ಬಗೆದೆವು. ನಿಧಾನ ಎಂದು ಕೈಸನ್ನೆ ಮಾಡಿದ. ತುಳಿಯದೆ, ಬರೀ ಕ್ಲಚ್ ಬಿಟ್ಟು ಹಿಂದಕ್ಕೆ ತಂದೆ. ಅಷ್ಟು ಹೊತ್ತು ನನ್ನ ಮಾತು ಕೇಳದಿದ್ದ ಜೀಪು ಸುಮ್ಮನೆ ಇಳಿದು ಬಂತು.

ತಾತನ ಹಟ್ಟಿ ಅಲ್ಲಿಗೆ ಹತ್ತಿರವೇ. ಅವನ ಸೊಸೆ ಮಜ್ಜಿಗೆ, ಸಜ್ಜೆ ರೊಟ್ಟಿ ಕೊಟ್ಟಳು. ಜಯಮ್ಮ ತನ್ನ ಚೀಲದಲ್ಲಿದ್ದ ಮಾದಪ್ಪನ ವಿಭೂತಿಯನ್ನು ತಾತನಿಗೆ ಕೊಟ್ಟಳು. ಅದೇನೆಂದು ಅವನು ಕೇಳಲಿಲ್ಲ. ಕಣ್ಣಿಗೊತ್ತಿಕೊಂಡು ಪೇಟದ ತುದಿಗೆ ಗಂಟು ಹಾಕಿಕೊಂಡ.

ಸಂಜೆಗೆ ರಾಜಣ್ಣ ನಮ್ಮ ಚಕ್ರದ ಗುರುತು ಹುಡುಕಿಕೊಂಡು ಗಾಬರಿಯಲ್ಲಿ ಬಂದ. ನಮ್ಮನ್ನು ನೋಡಿ ಸಮಾಧಾನವಾದ ಮೇಲೆ ಟೈರು ನೋಡಿ ನಕ್ಕ. "ಕೊನೆಗೂ ಇಳ್ಸುದ್ಯಲ್ಲೋ. ಯಾರ್ ಹೇಳುದ್ರು?"

"ಯಾರ್ ಹೇಳ್ಬೇಕು? ನಾನೇ ಯೋಚ್ನೆ ಮಾಡಿ ಇಳ್ಸುದ್ದು. ಈ ತಾತ ನೀರ್ ಕೊಟ್ಟ ಅಷ್ಟೆ."

ತಾತ ಪಕ್ಕದಲ್ಲೇ ನಿಂತಿದ್ದ. ಕನ್ನಡ ತಿಳಿಯದ ಅವನು ನನ್ನ ಮಾತಿಗೆ ಹೌದು ಹೌದು ಎಂದು ನಗುತ್ತ ತಲೆಯಾಡಿಸಿದ. ಜಯಮ್ಮ ನನ್ನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಊರ ಕಡೆ ಹೊರಟಾಗ ಅವಳು ಹಿಂದೆ ಹತ್ತಿದಳು. "ಕಾಲ್ ನೀಡ್ಕಂಡು ಕೂತ್ಕತೀನಿ" ಅಂದಳು. ಐದು ದಿನ, ಅಷ್ಟು ದೂರ, ಪಕ್ಕದ ಸೀಟಿನಲ್ಲಿ ನೀರಿನ ಕ್ಯಾನು ಕೂತು ಬಂತು.

ಹನೂರಿನಲ್ಲಿ ಆ ಕಥೆಯನ್ನು ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿದೆನೋ. ಸಲಕ್ಕೊಂದಷ್ಟು ನಾನು ದೊಡ್ಡವನಾದೆ, ತಾತ ಸಣ್ಣವನಾದ. ಕೊನೆಗೆ ತಾತ ಇಲ್ಲದೆಯೇ ಕಥೆ ನಡೆಯತೊಡಗಿತು. ಎರಡು ತಿಂಗಳ ಮೇಲೆ ರಾಜಣ್ಣ ಕ್ಲಚ್ ಪ್ಲೇಟ್ ಹಾಕಿಸಲು ಗ್ಯಾರೇಜಿಗೆ ಬಂದವನು, ಅಲ್ಲಿದ್ದ ನಾಲ್ಕು ಜನರಿಗೆ, "ಮಾದೇವುನ್ ತಲೆ ಅಂದ್ರೆ ತಲೆ ಕಣ್ರಪ್ಪ" ಎಂದು ಆ ಮರಳಿನ ಕಥೆ ಶುರು ಮಾಡಿದ. ಆ ಹೊತ್ತಿಗೆ ಜಯಮ್ಮ ಊಟದ ಕ್ಯಾರಿಯರ್ ತಂದಳು. ಕೇಳಿಸಿಕೊಂಡಳು. ಕ್ಯಾರಿಯರ್ ಬೆಂಚಿನ ಮೇಲಿಟ್ಟು ಹೊರಟಳು.

ಅವಳು ಬಾಗಿಲು ದಾಟುವುದರೊಳಗೆ ನನ್ನ ಬಾಯಿಂದ ಮಾತು ಬಂತು. "ರಾಜಣ್ಣ, ಗಾಳಿ ಇಳ್ಸುದ್ದು ನಾನಲ್ಲ. ಆ ತಾತ. ಇಳುಸ್ತಾ ಇದ್ದೋನ್ನ ನಾನು ತಳ್ಳಿ ಕೆಡುವ್ಬುಟ್ಟೆ."

ರಾಜಣ್ಣ ಟೀ ಲೋಟ ಕೆಳಗಿಟ್ಟು, "ನೀನು ಗಾಳಿ ಇಳ್ಸೋ ಪೈಕಿನೇನ್ಲಾ? ನಂಗೆ ಆವತ್ತೇ ಗೊತ್ತಿತ್ತು" ಅಂದ. ಆಮೇಲೆ ಮೆಲ್ಲಗೆ, "ತಳ್ಳುದ್ದು ಗೊತ್ತಿರ್ಲಿಲ್ಲ" ಅಂದ.

ಜಯಮ್ಮನಿಗೆ ಕೇಳಿಸಿತೋ ಇಲ್ಲವೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಭಾನುವಾರ ಯಳಂದೂರಿನಲ್ಲಿ ಅವಳ ತಂಗಿಯ ಮನೆಯಲ್ಲಿ ನಾಮಕರಣವಿತ್ತು. ಜೀಪು ಸ್ಟಾರ್ಟ್ ಮಾಡಿ ಕಾಯುತ್ತಿದ್ದೆ. ಅವಳು ಹಿಂದಕ್ಕೆ ನಡೆದವಳು ನಿಂತಳು. ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು ಕೂತಳು.

"ಓಗಣ, ನಡೀರಿ" ಅಂದಳು.

ಆ ತಾತನ ಹೆಸರನ್ನು ನಾನು ಕೇಳಿರಲಿಲ್ಲ. ಅವನ ಎದೆಯ ಮೂಳೆಗಳು ಎಷ್ಟು ಹಗುರವಾಗಿದ್ದವು ಎಂಬುದು ಮಾತ್ರ ನನ್ನ ಈ ಬಲಗೈಗೆ ಇನ್ನೂ ನೆನಪಿದೆ.